ಎರಡನೇ ಒಗೆತದ ಚೀಟಿ

"ಅದು ಹಾಗಲ್ಲ ನೋಡಿ... ಬಟ್ಟೆಯಲ್ಲಿ ಕಲೆ ಉಳಿದರೂ ಒಗೆಯಬಹುದು, ಬಿಲ್ಲಲ್ಲಿ ಉಳಿದರೆ ಒಗೆಯೋಕಾಗಲ್ಲ!"

ಕಚೇರಿಯ ಒಳಗಿಂದ ಯಜಮಾನರ ದನಿ ಕೇಳಿಸಿತು.

ಬಾಗಿಲಾಚೆ ನಿಂತಿದ್ದ ಅವಳ ಎದೆ ಧಸಕ್ಕೆಂದಿತು. ಯಾಕೆಂದರೆ ಯಜಮಾನರು ಅವಳ ಪಕ್ಕದಲ್ಲೇ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು!

ಆ ದನಿಯನ್ನು ಮೂಗು, ಕೆಮ್ಮು, ಗೊಗ್ಗರು ಸಮೇತ ಹೊರಡಿಸಬಲ್ಲ ಗಂಟಲು ಇನ್ನೊಂದೇ ಒಂದು ಇತ್ತು. ಅದು ಇಲ್ಲಿಗೆ... ಇವತ್ತು... ಹೇಗೆ?

"ಕೇಳಿಸಿತೇನಮ್ಮಾ? ನಮ್ಮ ರೇಡಿಯೋ ವಾಪಸ್ ಬಂದಿದಾನೆ," ಯಜಮಾನರು ಹೊಟ್ಟೆ ಕುಣಿಸಿ ನಕ್ಕರು. "ಈಗ ಕಂಪ್ಯೂಟರ್ ಮನುಷ್ಯ. ಬಿಲ್ಲು ಹೊರಗೆ ಹೋಗೋಕೆ ಮುಂಚೆ ತಪ್ಪನ್ನ ಯಂತ್ರವೇ ಹಿಡಿಯೋ ಹಾಗೆ ಮಾಡಿಕೊಡ್ತಾನಂತೆ. ಇನ್ನೊಂದು ತಪ್ಪು ಬಿಲ್ಲು ಬಂದ್ರೆ ಬಟ್ಟೆ ಕಳಿಸೋದೇ ನಿಲ್ಲಿಸ್ತೀವಿ ಅಂತ ಆಸ್ಪತ್ರೆಯವರು ಕೂತಿದಾರಲ್ಲ! ಎಲ್ಲೆಲ್ಲಿ ತಪ್ಪಾಗುತ್ತೆ ಅಂತ ಗೊತ್ತಿರೋದು ನಿನಗೆ. ನೀನೇ ಹೇಳಿಕೊಡಬೇಕು."

ಬಾಗಿಲು ತೆರೆಯಿತು. ಮೇಜಿನ ಕೆಳಗೆ ವೈರು ಸಿಕ್ಕಿಸುತ್ತಿದ್ದವನು ಎದ್ದು ನಿಂತ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಕಣ್ಣಿನ ತುಂಟತನ ಮಾತ್ರ ಹಾಗೇ ಇತ್ತು. ಅವಳನ್ನು ಕಂಡದ್ದೇ ಅದೂ ಆರಿಹೋಯಿತು.

"ಚೆನ್ನಾಗಿದೀರಾ, ಟಿಕ್ಕಮ್ನೋರೇ?"

"ಹ್ಞೂಂ."

ಅಷ್ಟೇ. ಎಷ್ಟೋ ವರ್ಷ ಕಾದಿಟ್ಟ ಮಾತುಗಳಲ್ಲಿ ಹೊರಗೆ ಬಂದದ್ದು ಆ ಒಂದು ಹ್ಞೂಂಕಾರ!

ಅದು ಊರಿನ ಹೋಟೆಲ್ಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಕೆಳಗೆ ಗುಡುಗುಡು ಎನ್ನುವ ಒಗೆಯುವ ಯಂತ್ರಗಳು, ನಡುವೆ ಹಬೆಯುಗುಳುವ ಇಸ್ತ್ರಿ ಸಾಲು, ಮೇಲೆ ಈ ಕಚೇರಿ. ನೆಲದ ಹಲಗೆಗಳ ಸಂದಿನಿಂದ ಸೋಪಿನ ವಾಸನೆ, ಗಂಜಿಯ ವಾಸನೆ ಏರಿ ಬಂದು ಕಡತಗಳಿಗೂ ಹತ್ತಿಕೊಂಡಿತ್ತು.

ಅವನು ಇಲ್ಲಿ ಕೆಲಸಕ್ಕಿದ್ದಾಗ ಬಿಲ್ಲುಗಳನ್ನು ಹೊರಗೆ ಕಳಿಸುವ ಮುನ್ನ ಇಬ್ಬರು ಎದುರುಬದುರು ಕೂರುತ್ತಿದ್ದರು. ಒಬ್ಬರು ಒಗೆತದ ಚೀಟಿಗಳನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಬಿಲ್ಲು ನೋಡಿ ಟಿಕ್ ಹಾಕಬೇಕು. ಓದುವವನು ಅವನು. ಟಿಕ್ ಹಾಕುವವಳು ಅವಳು, ಅದಕ್ಕೇ ಅವನ ಬಾಯಲ್ಲಿ ಟಿಕ್ಕಮ್ಮ.

ಅವನೇನು ಸುಮ್ಮನೆ ಓದುತ್ತಿದ್ದನೇ? ದಿಂಬಿನ ಚೀಲಗಳನ್ನು ವಾರ್ತೆ ಓದುವವರ ಗಾಂಭೀರ್ಯದಲ್ಲಿ, ಮೇಜುಬಟ್ಟೆಗಳನ್ನು ರೈಲು ನಿಲ್ದಾಣದ ಹೆಣ್ಣಿನ ದನಿಯಲ್ಲಿ! "ಪ್ರಯಾಣಿಕರ ಗಮನಕ್ಕೆ... ಕೆರೆ ಬದಿಯ ಹೋಟೆಲಿನ ಟವೆಲ್ಲುಗಳು ತಡವಾಗಿ ಬರುತ್ತಿವೆ..." ಅವಳು ನಗು ತಡೆಯಲಾರದೆ ಮೇಜಿಗೆ ತಲೆ ಹಚ್ಚುತ್ತಿದ್ದಳು. ಕಿಟಕಿಯ ಬಿಸಿಲು ಅವನ ಮುಂಗೈ ಮೇಲೆ ಬೀಳುತ್ತಿತ್ತು. ಅವಳ ಕಣ್ಣು ಬಿಲ್ಲಿನ ಸಾಲು ಬಿಟ್ಟು ಆ ಬಿಸಿಲಿನ ಹಿಂದೆ ಹೋಗುತ್ತಿತ್ತು...

ತಪ್ಪುಗಳಾದವು. ಆಗಲೇಬೇಕಲ್ಲ! ಪ್ರತಿ ಸಲವೂ ಅವನು ಮುಂದೆ ಬಂದು, "ನಾನೇ ತಪ್ಪಾಗಿ ಓದಿದೆ ಸಾರ್" ಎನ್ನುತ್ತಿದ್ದ. ಬಿಲ್ಲು ಅವಳದು, ಬಾಣ ನಾಟುತ್ತಿದ್ದದ್ದು ಅವನಿಗೆ.

ಒಂದು ದಿನ ಯಜಮಾನರು ಅವನನ್ನು ಎಲ್ಲರೆದುರು ಬೈದರು. ಅವಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹೇಳಿಬಿಟ್ಟಳು: "ಸಾರ್, ನನಗೆ ಬೇರೆ ಜೊತೆ ಕೊಡಿ. ಇವರ ಜೊತೆ ನನಗೆ ಕೂರೋಕಾಗಲ್ಲ."

ಕಾರಣ ಹೇಳಲಿಲ್ಲ. ಅಷ್ಟು ಜನರೆದುರು ಹೇಗೆ ಹೇಳುತ್ತಾಳೆ?

ಆ ವಾರವೇ ಅವನು ಕೆಲಸ ಬಿಟ್ಟ. ಅವಳಿಗೆ ಒಂದು ಮಾತೂ ಹೇಳದೆ.

ಈಗ ಅದೇ ಕಿಟಕಿ, ಅದೇ ಮೇಜು. ನಡುವೆ ಒಂದು ಕಂಪ್ಯೂಟರ್ ಪರದೆ.

"ಮೊದಲು ಯಾವುದನ್ನ ನೋಡ್ತೀರಿ?" ಅವನು ಡಾಕ್ಟರ ಹಾಗೆ ಕೇಳಿದ.

"ದರ. ಆಸ್ಪತ್ರೆ ಹೊದಿಕೆಗೆ ಹೋಟೆಲಿನ ದರ ಬೀಳಬಾರದು."

"ಆಮೇಲೆ?"

"ಬಿಲ್ಲಲ್ಲಿ ಚೀಟಿ ಇಲ್ಲದ ಸಾಲು ಇರಬಾರದು. ಸಾಲಿಲ್ಲದ ಚೀಟೀನೂ ಇರಬಾರದು. ತೂಕ ಎಂದಿನದಕ್ಕಿಂತ ತೀರಾ ಹೆಚ್ಚಿದ್ರೆ ನಿಲ್ಲಿಸಿ ಕೇಳ್ಬೇಕು."

ಅವನು ಒಂದೊಂದನ್ನೂ ಯಂತ್ರಕ್ಕೆ ಕಲಿಸಿದ. ತಪ್ಪಿದ್ದರೆ ಬಿಲ್ಲಿನ ಮೇಲೆ ಕೆಂಪು, ಇಲ್ಲದಿದ್ದರೆ ಹಸಿರು. ಕೆಂಪಾದ ಬಿಲ್ಲು ಯಾರಾದರೂ ನೋಡಿ ಬಿಡುವವರೆಗೆ ಹೊರಗೆ ಹೋಗುವ ಹಾಗಿಲ್ಲ.

ಮೊದಲ ಸಲ ಓಡಿಸಿದಾಗ ಅಷ್ಟೂ ಬಿಲ್ಲುಗಳು ಕೆಂಪಾಗಿ ಕೂತವು!

ಅವಳಿಗೆ ನಗು ಉಕ್ಕಿತು. "ಏನ್ರೀ ಇದು, ನಿಮ್ಮ ಯಂತ್ರಕ್ಕೆ ದಡಾರವಾ?"

ಅವನ ತುಟಿಯೂ ಅಲುಗಿತು. ಮರುಕ್ಷಣ ಬಿಗಿಯಾಯಿತು. "ತೂಕದಲ್ಲಿ ಒಂಚೂರು ವ್ಯತ್ಯಾಸ ಬಂದ್ರೂ ತಡೀತಿದೆ. ಎಷ್ಟು ಏರುಪೇರಾದ್ರೆ ಸುಮ್ನಿರಬೇಕು?"

"ರಜೆ ತಿಂಗಳಲ್ಲಿ ಹೋಟೆಲ್ ಬಟ್ಟೆ ದುಪ್ಪಟ್ಟಾಗುತ್ತೆ. ಅದೂ ತಪ್ಪು ಅಂದ್ರೆ ಹೇಗೆ? ಸ್ವಲ್ಪ ಬಿಟ್ಟುಕೊಡ್ಬೇಕಪ್ಪ."

"ಬಿಡೋದು ನಿಮಗೆ ಸುಲಭ," ಅಂದ ಅವನು, ಪರದೆ ಬಿಟ್ಟು ಕಣ್ಣೆತ್ತದೆ.

ಅವಳಿಗೆ ಚುರ್ ಅಂದಿತು. ಎದ್ದು ನೀರು ಕುಡಿಯುವ ನೆಪ ಮಾಡಿ ಕೆಳಗಿಳಿದಳು.

ಇಸ್ತ್ರಿ ಸಾಲಿನ ಮೇಲ್ವಿಚಾರಕಿ ಅವಳ ಚಿಕ್ಕಮ್ಮ. ತಾಯಿಯಿಲ್ಲದವಳನ್ನು ಸಾಕಿದವಳು, ಬಾಯಿ ಇಸ್ತ್ರಿಗಿಂತ ಬಿಸಿ.

"ಏನೇ, ಹಬೆ ನನ್ನ ಯಂತ್ರದಲ್ಲಿ ಬರಬೇಕು, ನಿನ್ನ ಕಿವೀಲಿ ಯಾಕೆ ಬರ್ತಿದೆ?"

"ಏನಿಲ್ಲ ಚಿಕ್ಕಮ್ಮ."

"ಏನಿಲ್ಲವಂತೆ! ಬಂದ ಗಂಡುಗಳಿಗೆಲ್ಲ ಏನಾದರೊಂದು ಕುಂದು ಹೇಳ್ದೆ. ಒಬ್ಬನ ನಡಿಗೆ ಸರಿಯಿಲ್ಲ, ಇನ್ನೊಬ್ಬ ನಗೋದೇ ಇಲ್ಲ. ನಗಿಸೋನು ಮೇಲೆ ಕೂತಿದಾನಲ್ಲ! ಕೆಲಸ ಮುಗಿದ ದಿನವೇ ಹೊರಡ್ತಾನಂತೆ. ಈ ಸಲಾನೂ ಬಾಯಿಗೆ ಬೀಗ ಹಾಕ್ಕೋ. ಕೀಲಿಕೈಯನ್ನೂ ನುಂಗಿಬಿಡು!"

ಕೆಲಸ ಮುಗಿದ ದಿನವೇ...

ಆಮೇಲಿಂದ ಪರದೆಯ ಮೇಲೆ ಒಂದೊಂದು ಹಸಿರು ಹೊತ್ತಿಕೊಂಡಾಗಲೂ ಅವಳ ಒಳಗೆ ಏನೋ ಬಾಡುತ್ತಿತ್ತು. ತಾನು ಹೇಳಿಕೊಟ್ಟಷ್ಟೂ ಯಂತ್ರ ಜಾಣವಾಗುತ್ತಿದೆ. ಅದು ಜಾಣವಾದಷ್ಟೂ ಅವನು ದೂರವಾಗುತ್ತಿದ್ದಾನೆ!

ತಿಂಗಳ ಕೊನೆಯ ಬಿಲ್ಲುಗಳ ದಿನ ಬಂತು. ಬೆಳಿಗ್ಗೆ ಅವಳೊಬ್ಬಳೇ ಚೀಟಿಗಳನ್ನು ಮಗುಚುತ್ತಿದ್ದಾಗ ಕೈ ಗಕ್ಕನೆ ನಿಂತಿತು.

ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೋಣೆಯ ಬಟ್ಟೆಗಳು. ಕಲೆ ಹೋಗದೆ ಮತ್ತೆ ಒಗೆಯಲು ಹಾಕಿದ್ದರು. ಕೆಳಗಿನವರು ಎರಡನೇ ಒಗೆತಕ್ಕೂ ಅದೇ ಮೂಟೆ ನಂಬರು ಹಾಕಿ ಹೊಸ ಚೀಟಿ ಬರೆಯುತ್ತಾರೆ, ತೂಗಬೇಕಲ್ಲ. ಆದರೆ ಅದಕ್ಕೆ ದುಡ್ಡು ಹಾಕುವಂತಿಲ್ಲ. ಕಲೆ ಉಳಿದದ್ದು ಲಾಂಡ್ರಿಯ ತಪ್ಪು. ದರ ಸರಿ, ತೂಕ ಸರಿ, ಚೀಟಿಯೂ ಇದೆ... ಯಂತ್ರ ಅದನ್ನು ಹಸಿರು ಮಾಡಿ ಕಳಿಸಿಬಿಡುತ್ತದೆ. ಆ ಒಂದು ಪರೀಕ್ಷೆಯನ್ನು ಅವಳು ಹೇಳಿಕೊಡಲು ಮರೆತಿದ್ದಳು.

'ಹೇಳಬೇಕು,' ಎಂದುಕೊಂಡಳು. ಹಿಂದೆಯೇ ಇನ್ನೊಂದು ಯೋಚನೆ ನುಸುಳಿತು. 'ಹೇಳದಿದ್ದರೆ? ಆಸ್ಪತ್ರೆಯವರು ಕೂಗಾಡುತ್ತಾರೆ. ಯಜಮಾನರು ಅವನನ್ನು ಮತ್ತೆ ಕರೆಸುತ್ತಾರೆ. ಅವನು ಮತ್ತೆ ಈ ಮೇಜಿನ ಎದುರು...'

ಥೂ! ಎಂಥ ಬುದ್ಧಿ ಇದು! ಬೈದುಕೊಂಡಳು. ಆದರೂ ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಅವನು ಪರೀಕ್ಷೆ ಓಡಿಸಿದ. ಹಸಿರು. ಹಸಿರು. ಆಸ್ಪತ್ರೆಯದೂ ಹಸಿರು.

"ಆಯ್ತು," ಅವನು ಚೀಲದೊಳಗೆ ವೈರು ಸುತ್ತಿಟ್ಟ. "ಕಳಿಸೋ ಗುಂಡಿ ನೀವೇ ಒತ್ತಿ. ನಾನು ಬರ್ತೀನಿ."

ಅವಳ ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಅವನು ಇನ್ನೊಮ್ಮೆ ಬರುತ್ತಾನೆ. ಆದರೆ ಈ ಸಲವೂ ಅವಳ ತಪ್ಪಿಗೆ ಬೈಸಿಕೊಳ್ಳುವವನು ಅವನೇ...

"ರೀ... ಹೋಗ್ಬೇಡಿ!"

ಅವನು ಬಾಗಿಲಲ್ಲೇ ತಿರುಗಿದ.

"ಅದರಲ್ಲಿ ತಪ್ಪಿದೆ. ಎರಡನೇ ಒಗೆತದ ಚೀಟಿ ಸೇರಿಕೊಂಡಿದೆ. ಒಂದೇ ಮೂಟೆ ನಂಬರು ಮತ್ತೆ ಬಂದ್ರೆ ತಡೀಬೇಕು. ಹಾಗಂತ ಅದಕ್ಕೆ ಹೇಳಿ."

ಅವನು ಬಂದು ಬಗ್ಗಿ ನೋಡಿದ. ಹುಬ್ಬು ಗಂಟಿಕ್ಕಿತು. "ಹೌದಲ್ಲ! ಇದು ಈಗ ಕಣ್ಣಿಗೆ ಬಿತ್ತಾ?"

"ಬೆಳಿಗ್ಗೇನೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೆಲಸ ಮುಗಿಯುತ್ತಲ್ಲ..." ಅವಳು ಗುಂಡಿಯಿಂದ ಬೆರಳು ತೆಗೆದಳು. "ಮುಗಿದ್ರೆ ನೀವು ಹೋಗ್ತೀರಲ್ಲ!"

ಕೆಳಗೆ ಯಂತ್ರವೊಂದು ಸುತ್ತು ಮುಗಿಸಿ ನಿಂತಿತು. ಅವನು ನಿಧಾನವಾಗಿ ಕುರ್ಚಿ ಎಳೆದು ಅವಳೆದುರು ಕೂತ.

"ನನ್ನ ಜೊತೆ ಕೂರೋಕಾಗಲ್ಲ ಅಂದವರು ನೀವೇ."

"ಹೇಗ್ರೀ ಕೂರೋದು? ನೀವು ಎದುರಿಗಿದ್ರೆ ನನಗೆ ಸಾಲೇ ಕಾಣ್ತಿರಲಿಲ್ಲ. ತಪ್ಪು ನಾನು ಮಾಡೋದು, ಬೈಸಿಕೊಳ್ಳೋದು ನೀವು... ಎಷ್ಟು ದಿನ ಅಂತ ನೋಡ್ಕೊಂಡಿರ್ಲಿ? ಅದಕ್ಕೇ ಬೇರೆ ಜೊತೆ ಕೇಳ್ದೆ. ನೀವು ಕಾರಣ ಕೇಳ್ತೀರಿ ಅಂದ್ಕೊಂಡಿದ್ದೆ. ಕೇಳದೇ ಹೋಗ್ಬಿಟ್ರಿ!"

ಈಗ ಅವನ ಬಾಯಿಂದ ಬಂದದ್ದು ಅವನದೇ ದನಿ. ವಾರ್ತೆಯವರ ದನಿಯಿಲ್ಲ, ರೈಲಿನವಳ ದನಿಯಿಲ್ಲ.

"ನನ್ನ ಕೋಡಂಗಿ ಆಟ ನಿಮಗೆ ಬೇಜಾರಾಗಿದೆ ಅಂದ್ಕೊಂಡೆ," ಅಂದ. "ಆಮೇಲೆ ಎಲ್ಲೇ ಹೋದರೂ ಯಾರನ್ನೂ ಅಣಕಿಸಲಿಲ್ಲ. ನಗೋರು ಎದುರಿಗಿರಲಿಲ್ಲ. ಇಲ್ಲಿಗೆ ಬಂದ ದಿನ ಮೆಟ್ಟಿಲಲ್ಲಿ ನಿಮ್ಮ ಹೆಜ್ಜೆ ಕೇಳಿಸ್ತು... ಬಾಯಿ ತಾನೇ ಶುರು ಮಾಡ್ಕೊಂಡಿತು."

ಅವಳ ಕಣ್ಣಿಂದ ಹನಿಯೊಂದು ಕೀಲಿಮಣೆಯ ಮೇಲೆ ಬಿತ್ತು.

"ಅಯ್ಯೋ, ಅದು ಯಜಮಾನರ ದುಡ್ಡಿಂದು! ಕೆಟ್ಟರೆ ಇಬ್ಬರಿಗೂ ಬೀಳುತ್ತೆ," ಎಂದು ಅವನು ತೋಳಿನಿಂದಲೇ ಒರೆಸಿದ. ಒರೆಸಿದ ಕೈ ಅವಳ ಕೈಯ ಪಕ್ಕದಲ್ಲೇ ಉಳಿಯಿತು.

ಮೂಟೆ ನಂಬರಿನ ಪರೀಕ್ಷೆಯನ್ನು ಇಬ್ಬರೂ ಕೂತು ಸೇರಿಸಿದರು. ಆಸ್ಪತ್ರೆಯ ಬಿಲ್ಲು ಕೆಂಪಾಯಿತು. ತಿದ್ದಿದರು, ಹಸಿರಾಯಿತು. ಈ ಹಸಿರು ಕಂಡು ಅವಳಿಗೆ ಹೆದರಿಕೆಯಾಗಲಿಲ್ಲ. ಗುಂಡಿ ಒತ್ತಿದಳು. ಬಿಲ್ಲುಗಳು ಹೊರಟುಹೋದವು. ಅವನು ಹೋಗಲಿಲ್ಲ.

ಸಂಜೆ ಗೇಟಿನ ಹತ್ತಿರ ಅವಳ ಬಸ್ಸು ಬಂತು. ಅವನೂ ಹಿಂದೆಯೇ ಹತ್ತಿದ.

"ನಿಮ್ಮ ಮನೆ ಈ ಕಡೆ ಅಲ್ವಲ್ಲ?"

"ಅಲ್ಲ. ನಿಮ್ಮ ಚಿಕ್ಕಮ್ಮನ ಹತ್ರ ಮಾತಾಡ್ಬೇಕು."

"ಏನಂತ?"

"ಇವರ ಜೊತೆ ನನಗೆ ಕೂರೋಕಾಗುತ್ತೆ ಅಂತ. ಜೀವಮಾನ ಪೂರ್ತಿ."

ಅವಳು ಮುಖ ಕಿಟಕಿಯತ್ತ ತಿರುಗಿಸಿದಳು. ಗಾಜಿನಲ್ಲಿ ಅವಳ ನಗು ಅವನಿಗೆ ಕಾಣುತ್ತಲೇ ಇತ್ತು.

"ಇಷ್ಟು ವರ್ಷ ಎಲ್ಲಿ ಸತ್ತಿದ್ದೆ ಅಂತ ಬಾಯಿಗೆ ಬಂದ ಹಾಗೆ ಬೈತಾರೆ ರೀ ಅವರು."

"ಬೈಸ್ಕೋತೀನಿ ಬಿಡಿ. ನಿಮ್ಮ ಪಾಲಿಂದೂ ನಾನೇ ತಿಂದು ಅಭ್ಯಾಸ."

ಅವಳು ಅವನ ಕೈ ಹಿಡಿದುಕೊಂಡಳು.

"ಇಲ್ಲ. ಇನ್ಮೇಲೆ ಅರ್ಧ ನನಗೆ."