ಗಾಡಿ ರದ್ದು ಬೇಡವೇ?

“ಪಕ್ಕಕ್ಕೆ ಹೋಗಮ್ಮ! ನಿನ್ ಮೇಲೆ ನಂಗೇನೂ ಕೋಪ ಇಲ್ಲ!”

ವೀಲ್ ಸ್ಪ್ಯಾನರ್ ನನ್ನ ಮೂಗಿಗೆ ಒಂದು ಗೇಣು ದೂರದಲ್ಲಿತ್ತು. ಹಿಡಿದಿದ್ದವನು ಆಂಜಿ. ನಂಗಲಿಯ ಲಾರಿ ಡ್ರೈವರ್.

ನಾನು ಕದಲಲಿಲ್ಲ. ಬೆನ್ನ ಹಿಂದೆ ರಜನಿ ನನ್ನ ಭುಜ ಹಿಡಿದು ಅವಿತಿದ್ದಳು. ಸುತ್ತ ತಟ್ಟೆಗಳ ತುಂಬ ರೇಷ್ಮೆ ಹುಳುಗಳು. ಯಾರು ಸತ್ತರೆ ನಮಗೇನು ಎನ್ನುವಂತೆ ಸೊಪ್ಪು ಮೇಯುತ್ತಿದ್ದವು.

ತಪ್ಪು ನನ್ನದೇ. ಕೋಲಾರದಿಂದ ಹುತ್ತೂರಿನವರೆಗೂ ಇವನು ಹಿಂದೆಯೇ ಬಂದದ್ದು ಗೊತ್ತಾಗಲಿಲ್ಲ. ಹದಿನೆಂಟು ವರ್ಷ ಪೊಲೀಸ್ ಕೆಲಸ ಮಾಡಿದ ಈ ಆದಿಲಕ್ಷ್ಮಿಗೆ... ಸ್ಕೂಟರಿನ ಕನ್ನಡಿ ನೋಡುವುದು ಮರೆತುಹೋಗಿತ್ತು!

ವಿಷಯ ಇಷ್ಟು. ಆಂಜಿಯ ಅಕ್ಕ ಮುನಿಯಲ್ಲಮ್ಮನಿಗೆ ಬೈರಕೂರಿನ ತೋಟದಲ್ಲಿ ಹಾವು ಕಚ್ಚಿತು. ಜೊತೆಗೆ ಯಾರೂ ಇರಲಿಲ್ಲ. ಆಕೆಯೇ ಆಂಬುಲೆನ್ಸ್‌ಗೆ ಫೋನ್ ಮಾಡಿದಳು. “ಗಾಡಿ ಹೊರಟಿದೆಯಮ್ಮ, ರಸ್ತೆಗೆ ಬಂದು ಕೂತಿರಿ” ಎಂದಳು ಕಂಟ್ರೋಲ್ ರೂಮಿನ ರಜನಿ.

ಆಕೆ ರಸ್ತೆಗೆ ಬಂದು ಕೂತಳು. ಕೂತೇ ಇದ್ದಳು. ಗಾಡಿ ಬರುವ ಮೊದಲು ಸಾವು ಬಂತು.

ಕಂಪ್ಯೂಟರ್ ಹೇಳಿತು: ಆಪರೇಟರ್ ರದ್ದು ಮಾಡಿದ್ದಾರೆ.

ರಜನಿ ಹೆದರಿ ಓಡಿಬಂದು, ಹುತ್ತೂರಿನ ಈ ಹುಳು ಸಾಕುವ ಮನೆಯಲ್ಲಿ ಅಡಗಿದ್ದಳು. ಹುಡುಕಿ ತರಬೇಕು, ತಪ್ಪೊಪ್ಪಿಗೆಗೆ ಸಹಿ ಹಾಕಿಸಬೇಕು. ಈಗ ಖಾಸಗಿ ಪತ್ತೇದಾರಿಕೆ ಮಾಡುವ ನನಗೆ ಆಂಬುಲೆನ್ಸ್ ಕಂಪನಿಯ ಮಾಲೀಕ ಶಿವಶಂಕರ್ ವಹಿಸಿದ ಕೆಲಸ ಅದು.

“ನೀನ್ ರದ್ದು ಮಾಡಿದ್ಯಾ?” ಹಿಂದೆ ತಿರುಗದೆ ಕೇಳಿದೆ.

“ಇಲ್ಲಕ್ಕ! ಕಳಿಸ್ದೆ. ಹಸಿರು ಟಿಕ್ ಬಂತು, ನಾನೇ ನೋಡ್ದೆ. ಪಕ್ಕದಲ್ಲಿ ಇನ್ನೊಬ್ರು ಇದ್ದಿದ್ರೆ ಹೇಳೋರು... ಆ ರೂಮಲ್ಲಿ ಇರೋದೇ ಒಂದ್ ಕುರ್ಚಿ!”

ಸುಳ್ಳಿನ ದನಿ ನನಗೆ ಗೊತ್ತು. ಇದು ಅದಲ್ಲ. ಒಬ್ಬಳೇ ಇದ್ದು ಇದ್ದು, ಕೊನೆಗೆ ತನ್ನ ಕಣ್ಣನ್ನೇ ನಂಬಲಾರದವಳ ದನಿ. ಸಂಜೆಯಾದರೆ ಬಾಡಿಗೆ ರೂಮಿನ ಗೋಡೆಯ ಜೊತೆ ಮಾತಾಡುವ ನನಗೆ ಅದರ ಪರಿಚಯ ಚೆನ್ನಾಗಿಯೇ ಇತ್ತು.

ಕಾಲ ಬಳಿ ಒಂದು ಬಕೆಟ್. ಹುಳುಗಳ ಮೇಲೆ ಉದುರಿಸುವ ಸುಣ್ಣದ ಪುಡಿ.

ಎತ್ತಿ ಎರಚಿದೆ!

ಬಿಳಿ ಮೋಡ. ಆಂಜಿ ಕೆಮ್ಮುತ್ತ ಕುಸಿದ. ರಜನಿಯನ್ನು ಎಳೆದುಕೊಂಡು ಸ್ಕೂಟರ್ ಹತ್ತಿದೆ. ಎರಡೇ ನಿಮಿಷ... ಹಿಂದೆ ಹಾರ್ನ್! ಈ ಸಲ ಕನ್ನಡಿ ನೋಡಿದೆ. ಅದರ ತುಂಬ ಲಾರಿ.

ಎಡಕ್ಕೆ ಹಿಪ್ಪುನೇರಳೆ ತೋಟದ ಕಾಲುದಾರಿ. ನುಗ್ಗಿಸಿದೆ. ರೆಂಬೆಗಳು ಮುಖಕ್ಕೆ ಬಾರಿಸಿದವು.

“ಎಲ್ಲಿಗಕ್ಕ?”

“ಆ ಕುರ್ಚಿ ಹತ್ರ!”

ಕೋಲಾರದ ಕಂಟ್ರೋಲ್ ರೂಮಿನಲ್ಲಿ ಶಿವಶಂಕರ್ ತಾನೇ ಕೂತಿದ್ದ. ರಜನಿಯನ್ನು ಕಂಡು ಹಿಗ್ಗಿದ.

“ಶಭಾಷ್ ಆದಿಲಕ್ಷ್ಮಿಯವ್ರೇ! ಪೇಪರ್ ರೆಡಿ ಇದೆ. ಸೈನ್ ಹಾಕಮ್ಮ.”

“ಮೊದ್ಲು ನೀವು ಎದ್ದೇಳಿ ಸಾರ್.”

ಅಷ್ಟರಲ್ಲಿ ಬಾಗಿಲು ಒದ್ದುಕೊಂಡು ಆಂಜಿ ಬಂದ. ಹೊರಗೆ ನಿಲ್ಲಿಸಿದ್ದ ನನ್ನ ಸ್ಕೂಟರ್ ಕಂಡಿರಬೇಕು. ಮೈಯೆಲ್ಲ ಸುಣ್ಣ. ಕಣ್ಣು ಕೆಂಡ.

“ಮಾ ಅಕ್ಕ ಕಣಮ್ಮಾ ಆಕೆ! ನಮ್ಮಕ್ಕ! ಇವಳನ್ನ ಬಿಡಲ್ಲ!”

“ಆಮೇಲೆ ನಿನ್ನಿಷ್ಟ. ಮೊದ್ಲು ಕೂತ್ಕೋ. ಬೈರಕೂರಿಗೆ ಒಂದ್ ಗಾಡಿ ಕಳ್ಸು.”

ಅವನು ದಂಗಾದ. ಆದರೂ ಕೂತ. ರಜನಿ ಒಂದು ಟೆಸ್ಟ್ ಕಾಲ್ ತೆರೆದುಕೊಟ್ಟಳು. ನಾನು ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿದೆ. ಆಂಜಿ ಸ್ಪ್ಯಾನರ್ ತೊಡೆಯ ಮೇಲಿಟ್ಟುಕೊಂಡು ಮೌಸ್ ಹಿಡಿದ. ‘ಕಳಿಸು’ ಒತ್ತಿದ.

ಸ್ಕ್ರೀನಿನ ನಡುವೆ ಪುಟ್ಟದೊಂದು ಪೆಟ್ಟಿಗೆ ಎದ್ದಿತು.

‘ಗಾಡಿ ರದ್ದು ಬೇಡವೇ?’

ಕೆಳಗೆ ಎರಡು ಬಟನ್. ಹೌದು. ಇಲ್ಲ. ಎರಡೂ ಒಂದೇ ಅಳತೆ, ಒಂದೇ ಬೂದು ಬಣ್ಣ.

“ಹೌದು, ಬೇಡ...” ಎಂದು ಗೊಣಗುತ್ತ ಆಂಜಿ ‘ಹೌದು’ ಒತ್ತಿದ.

ಹಸಿರು ಟಿಕ್. ‘ಆಯಿತು.’

“ಹೋಯ್ತಾ ಗಾಡಿ?”

ಅಕ್ಕ ಇನ್ನೂ ರಸ್ತೆಯಲ್ಲಿ ಕಾಯುತ್ತಿದ್ದಾಳೇನೋ ಎಂಬಂತೆ ಕೇಳಿದ.

ನಾನು ಕರೆಗಳ ಪಟ್ಟಿ ತೆರೆದು ತೋರಿಸಿದೆ. ಬೈರಕೂರು... ಆಪರೇಟರ್ ರದ್ದು ಮಾಡಿದ್ದಾರೆ.

ಆ ಯಂತ್ರಕ್ಕೆ ‘ಹೌದು’ ಎಂದರೆ ರದ್ದು!

ಸ್ಪ್ಯಾನರ್ ನೆಲಕ್ಕೆ ಬಿತ್ತು. ಆಂಜಿ ತನ್ನ ಬೆರಳನ್ನೇ ನೋಡುತ್ತ ಕೂತ.

“ನಾನೇ... ನಾನೇ ನಿಲ್ಲಿಸ್ಬಿಟ್ನಲ್ಲಮ್ಮ...”

ರಜನಿ ಗೋಡೆಗೆ ಒರಗಿ ಬಿಕ್ಕಿದಳು. ಯಾರು ಯಾರನ್ನು ಸಮಾಧಾನ ಮಾಡಬೇಕೋ ತಿಳಿಯಲಿಲ್ಲ. ಮೂವರೂ ಬೇರೆ ಬೇರೆ ಮೂಲೆಗಳಲ್ಲಿ ಒಂಟಿಯಾಗಿದ್ದೆವು.

“ಈ ಪೆಟ್ಟಿಗೆ ಯಾವಾಗಿಂದ ಬಂತು ಸಾರ್?” ಕೇಳಿದೆ.

“ಸೋಮವಾರ... ಹೊಸ ವರ್ಷನ್ ಹಾಕಿಸ್ದೆ.” ಶಿವಶಂಕರ್ ಬೆವರು ಒರೆಸಿಕೊಂಡ.

“ಸೋಮವಾರದಿಂದ ಆರು ರದ್ದು ಇದೆ. ಬೇರೆ ಪಾಳಿಯ ಆಪರೇಟರ್‌ಗಳದ್ದೂ ಇದೆ. ನಿಮಗೆ ಗೊತ್ತಿತ್ತು!”

“ಮಿಕ್ಕವ್ರೆಲ್ಲ ಮತ್ತೆ ಫೋನ್ ಮಾಡಿದ್ರಲ್ಲ... ಸರಿಹೋಯ್ತು ಅಂದ್ಕೊಂಡೆ. ಆಪರೇಟರ್ ಸರಿಯಾಗಿ ಓದ್ಬೇಕಮ್ಮ!”

ಆಂಜಿಯ ಕೈ ನೆಲದತ್ತ ಹೋಯಿತು. ನಾನು ಸ್ಪ್ಯಾನರ್ ಮೇಲೆ ಕಾಲಿಟ್ಟೆ.

“ಬೇಡ ಕಣೋ. ಇವ್ರಿಗೆ ಕೋರ್ಟು ಸಾಕು.”

ಆ ತಪ್ಪೊಪ್ಪಿಗೆಯನ್ನು ನಾಲ್ಕು ಚೂರು ಮಾಡಿ ರಜನಿಯ ಕೈಗಿಟ್ಟೆ.

ಆಂಜಿ ಅವಳನ್ನು ಲಾರಿಯಲ್ಲಿ ಮನೆಗೆ ಬಿಟ್ಟು ಬಂದನಂತೆ.

ಮರುದಿನ ಪೊಲೀಸರು ಎಲ್ಲ ದಾಖಲಿಸಿಕೊಂಡು ಹೋದ ಮೇಲೆ ಎಂಜಿನಿಯರ್ ಬಂದ. ಪೆಟ್ಟಿಗೆ ಅಳಿಸಿದ. ‘ಗಾಡಿ ಕಳಿಸು’, ಹಸಿರು. ‘ಗಾಡಿ ಬೇಡ’, ಕೆಂಪು, ದೂರದ ಮೂಲೆಯಲ್ಲಿ.

ಕೆಲಸ ಶುರು ಮಾಡುವಾಗ ಅವನಿಗೊಂದು ಟೀ ತರಿಸಿದ್ದೆ. ಅವನು ಕೆಲಸ ಮುಗಿಸಿ ಎದ್ದಾಗ ಅದಿನ್ನೂ ಆರಿರಲಿಲ್ಲ!