ಎಡಗಾಲು ಬೀಳುವ ಜಾಗ

ಪಂದ್ಯದ ಮೊದಲ ಚೆಂಡು ಕೈಬಿಡುವ ಮೊದಲೇ ಶಿವಲಿಂಗ ಬಿದ್ದ.

ಅವನು ಓಡಿ ಬಂದದ್ದನ್ನು ಇಡೀ ಮೈದಾನ ನೋಡುತ್ತಿತ್ತು. ಕ್ರೀಸಿನ ಹತ್ತಿರ ಹಾರಿದ. ಎಡಗಾಲನ್ನು ಪಿಚ್ಚಿಗೆ ಹಾಸಿದ ಮ್ಯಾಟಿನ ಮೇಲೆ ಊರಿದ. ಮ್ಯಾಟು ಕುಸಿದು ಪಾದ ಒಳಗೆ ಹೋಯಿತು. ಓಡಿ ಬಂದ ಮೈ ಮಾತ್ರ ನಿಲ್ಲಲಿಲ್ಲ. ನಡುವೆ ಸಿಕ್ಕಿದ್ದು ಮಂಡಿ. ಚಟ್ಟೆಂದ ಸದ್ದು ಪೆಂಡಾಲಿನ ತನಕ ಕೇಳಿಸಿತು.

ದಾಂಡೇಲಿಯ ಪಿಎಸ್ಐ ಮಧುಮತಿ ಬಂದೋಬಸ್ತಿಗೆ ಬಂದಿದ್ದಳು. ಕ್ರಿಕೆಟ್ಟು ಅಂದರೆ ಅವಳಿಗೆ ಅಷ್ಟಕ್ಕಷ್ಟೆ. ಒಂದು ಕಡೆ ಕೂತು ಗೊತ್ತಿಲ್ಲದ ಹೆಣ್ಣು. ಮೆರವಣಿಗೆಯ ಜೊತೆ ಬಂದಾಗಿನಿಂದ ಮೈದಾನದ ಸುತ್ತ ಸುತ್ತುತ್ತಲೇ ಇದ್ದಳು. ಹುಡುಗನನ್ನು ಆಸ್ಪತ್ರೆಗೆ ಸಾಗಿಸಿ ಅವಳು ಮ್ಯಾಟಿನ ಅಂಚು ಹಿಡಿದು ಎಳೆದಳು. ಅಲ್ಲಿಯ ಮೊಳೆಗಳು ಬೆರಳಲ್ಲೇ ಕಿತ್ತು ಬಂದವು. ಕೆಳಗೆ ಒಂದು ಕುಳಿ. ಗೇಣು ಅಗಲ, ಗೇಣು ಆಳ. ತುಂಬ ಭತ್ತದ ಹೊಟ್ಟು. ನಡೆದು ಹೋಗುವವರ ಭಾರವನ್ನು ಬಿಗಿದ ಮ್ಯಾಟು ಹೇಗೋ ತಡೆದುಕೊಳ್ಳುತ್ತದೆ. ಓಡಿ ಬಂದು ಹಾರಿದವನನ್ನು ಅದು ತಡೆಯುವುದಿಲ್ಲ.

ಯಾರೋ ಕೂತು ನಿಧಾನವಾಗಿ ಮಾಡಿದ ಕೆಲಸ ಇದು.

ಜನ ಆಗಲೇ ತೀರ್ಪು ಕೊಟ್ಟಾಗಿತ್ತು. ಅವರ ಬೆರಳು ದುಂಡೇಶನ ಕಡೆ. ದುಂಡೇಶ ದಾಂಡೇಲಿಯವನೇ. ಕಾಗದದ ಗಿರಣಿಯ ಕಾರ್ಮಿಕನ ಮಗ. ರಾಜ್ಯ ತಂಡಕ್ಕೆ ವರ್ಷಗಟ್ಟಲೆ ಹೊಸ ಚೆಂಡು ಹಿಡಿದವನು. ಇವತ್ತಿನ ಪಂದ್ಯ ಅವನ ಸನ್ಮಾನಕ್ಕೆಂದೇ ಇಟ್ಟದ್ದು. ಕಾಳಿ ನದಿಯ ಕಡೆಯ ತುದಿಯಿಂದ ಮೊದಲ ಓವರು ದುಂಡೇಶನದು ಎಂದು ಆಟೋಕ್ಕೆ ಮೈಕು ಕಟ್ಟಿ ಊರೆಲ್ಲ ಸಾರಿದ್ದರು. ಆದರೆ ಅಂಗಳಕ್ಕೆ ಇಳಿದ ಮೇಲೆ ಅವನು ಯಾರಿಗೂ ಹೇಳದೆ ಕೇಳದೆ ಚೆಂಡನ್ನು ಶಿವಲಿಂಗನ ಕೈಗೆ ಹಾಕಿದ್ದ. ಶಿವಲಿಂಗ ಮುಂಡಗೋಡದ ಸನವಳ್ಳಿಯ ಹುಡುಗ, ಮುಂದೆ ಬರುತ್ತಿರುವ ಬೌಲರು. ಹುಬ್ಬಳ್ಳಿಯ ಲೀಗ್ ತಂಡವೊಂದರಲ್ಲಿ ವೇಗದ ಬೌಲರಿಗೆ ಒಂದೇ ಜಾಗ ಖಾಲಿ ಇತ್ತು. ಅದಕ್ಕೆ ಕಣ್ಣಿಟ್ಟವರು ಈ ಇಬ್ಬರೇ. ಇನ್ನೇನು ಬೇಕು ಊರಿಗೆ?

ಆ ತಂಡದ ಮ್ಯಾನೇಜರು ಪೆಂಡಾಲಿನಲ್ಲೇ ಇದ್ದ. ಮಧುಮತಿಯನ್ನು ಬದಿಗೆ ಕರೆದು ಮಾತು ಚುಟುಕಾಗಿ ಮುಗಿಸಿದ. ನಾಳೆ ಅವರ ಶಿಬಿರ ಶುರು. ಎಫ್ಐಆರ್‌ನಲ್ಲಿ ದುಂಡೇಶನ ಹೆಸರು ಬಂದರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಸಂಜೆಯೊಳಗೆ ತಿಳಿಸಬೇಕು.

ಅಷ್ಟೂ ಹೊತ್ತು ಪೆಂಡಾಲಿನ ಹಿಂದೆ ಮೈದಾನಕ್ಕೆ ಬೆನ್ನು ಹಾಕಿ ಕೂತಿದ್ದ ಒಬ್ಬ ಮುದುಕ ಆಗ ಎಡವುತ್ತ ಓಡಿ ಬಂದ. ಕೈಯಲ್ಲಿ ಚಹಾದ ಕಪ್ಪು ಹಾಗೇ ಇತ್ತು. ಬಿದ್ದವನು ಶಿವಲಿಂಗ ಎಂದು ಯಾರೋ ಹೇಳಿದ ಕೂಡಲೇ ಕಪ್ಪು ಕೈಜಾರಿತು, ಅವನು ಅಲ್ಲೇ ಕುಸಿದು ಕೂತ.

"ಇವರು ಮಹಾಬಳೇಶ್ವರ ಮಾಸ್ತರ್ರು. ಹಳಿಯಾಳದಾಗ ಪಿ.ಟಿ. ಮಾಸ್ತರ ಆಗಿದ್ರು," ಎಂದು ಪೇದೆ ತುಳಜಪ್ಪ ಪಿಸುಗುಟ್ಟಿದ. "ಆವಾಗ ದುಂಡೇಶಗ ಕಲಿಸಿದವರೂ ಇವರ, ಈಗ ಶಿವಲಿಂಗಗ ಕಲಿಸಾವ್ರೂ ಇವರ ನೋಡ್ರಿ."

ಮೈದಾನಕ್ಕೆ ಬೆನ್ನು ಹಾಕಿ ಯಾಕೆ ಕೂತಿದ್ದಿರಿ ಎಂದು ಮಧುಮತಿ ಮಾಸ್ತರರನ್ನು ಕೇಳಿದಳು.

"ದುಂಡ್ಯಾ ಬಾಲ್ ಹಾಕೂದು ನಾ ನೋಡೂದಿಲ್ಲ ರೀ. ಪೇಪರಿನ್ಯಾಗ ನನ್ನ ಮಾನ ಕಳದ ದಿವಸದಿಂದ ಅಂವನ ಒಂದು ಬಾಲ್ ಸುದ್ದಾ ನೋಡಿಲ್ಲ. ಮನ್ಯಾಗ ಟೀವಿ ತಗಸೇನಿ."

ಯಾರ ಮೇಲೆ ಸಂಶಯ ಎಂದದ್ದಕ್ಕೆ ಅವರು ಬಿದ್ದ ಕಪ್ಪು ಎತ್ತಿಕೊಂಡು ಎದ್ದರು.

* * *

ಮೈದಾನ ನೋಡಿಕೊಳ್ಳುವ ತುಳಸಿರಾಮ ಹೇಳಿದ ಮಾತು ದುಂಡೇಶನ ಕೊರಳಿಗೇ ಬಂತು. ನಿನ್ನೆ ಸಂಜೆ ಮ್ಯಾಟು ಹಾಸಿ ಮೊಳೆ ಹೊಡೆದು ಎಲ್ಲರೂ ಹೊರಟ ಮೇಲೆ ದುಂಡೇಶ ಒಬ್ಬನೇ ಬಂದಿದ್ದನಂತೆ. ಕ್ರೀಸಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮ್ಯಾಟಿನ ಅಂಚು ಎತ್ತಿದ್ದನ್ನು ತುಳಸಿರಾಮ ಕಣ್ಣಾರೆ ಕಂಡಿದ್ದ.

ದುಂಡೇಶ ಅಲ್ಲಗಳೆಯಲಿಲ್ಲ. ಯಾವ ಊರಿಗೆ ಆಡಲು ಹೋದರೂ ಹಿಂದಿನ ದಿನ ಪಿಚ್ಚಿನ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವುದು ತನ್ನ ರೂಢಿ ಎಂದ. ಮ್ಯಾಟಿದ್ದರೆ ಅಂಚು ಎತ್ತದೆ ಮಣ್ಣು ಹೇಗೆ ಸಿಗುತ್ತದೆ?

"ಚೆಂಡು ಯಾಕ ಕೊಟ್ರಿ ಅಂವಗ?"

ದುಂಡೇಶ ಮಧುಮತಿಯ ಕಡೆ ತಿರುಗಿದ. ದೊಡ್ಡ ಆಳು, ಅಗಲ ಭುಜ, ಗಡ್ಡದಲ್ಲಿ ಅಲ್ಲಲ್ಲಿ ಬಿಳಿ. ಕೈ ಮಾತ್ರ ಸುಮ್ಮನಿರದೆ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಲೇ ಇತ್ತು.

"ಮ್ಯಾನೇಜರ್ರು ಅಂವನ್ನ ನೋಡ್ಲಿ ಅಂತ ಕೊಟ್ಟೆ ರೀ. ನನ್ನ ನೋಡಿ ನೋಡಿ ಅವರಿಗೆ ಸಾಕಾಗೇತಿ. ಅಂವಗ ಹೊಸಾ ಬಾಲ್ ಯಾರು ಕೊಡಬೇಕು?"

ಉಳಿದದ್ದನ್ನು ಅವನು ಬಿಟ್ಟು ಬಿಟ್ಟು ಹೇಳಿದ. ರಾಜ್ಯ ತಂಡದಲ್ಲಿ ಹೆಸರು ಬಂದ ಹೊತ್ತಿಗೇ ಬೆನ್ನೆಲುಬು ಬಿರಿದಿತ್ತು. ಹಾಸಿಗೆ ಹಿಡಿದ. ಎದ್ದ ಮೇಲೆ ಓಡುವುದನ್ನು ಮೊದಲಿನಿಂದ ಕಲಿತ. ತಂಡಕ್ಕೆ ಮರಳಿದ, ಮತ್ತೆ ಕೈಬಿಟ್ಟರು. ರೈಲಿನಲ್ಲಿ ಊರೂರು ತಿರುಗಿ ಯಾರು ಕರೆದರೆ ಅವರಿಗೆ ಆಡಿದ. ಈಗ ವಯಸ್ಸು ಮೀರುತ್ತಿದೆ. ಈ ತಂಡ ಬಿಟ್ಟರೆ ಇನ್ನು ಯಾರೂ ಕರೆಯುವುದಿಲ್ಲ. ಆದರೂ ಆಡಿ ಹೊರಗೆ ಹೋಗಬೇಕು, ಹುಡುಗನ ಕಾಲು ಮುರಿದವನು ಅನ್ನಿಸಿಕೊಂಡು ಹೋಗಬಾರದು.

ಮಧುಮತಿಗೆ ಅವನನ್ನು ನಂಬಬೇಕೆನ್ನಿಸಿತು. ನಂಬಬೇಕೆನ್ನಿಸಿದ ಕೂಡಲೇ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಎದ್ದು ಮತ್ತೆ ಕುಳಿಯ ಹತ್ತಿರ ಹೋದಳು. ಕೈ ಹಾಕಿ ತಳದ ಹೊಟ್ಟು ತೆಗೆದಳು. ಬೆರಳ ಸಂದಿಯಿಂದ ಅದು ಸರಸರ ಉದುರಿತು.

"ತುಳಜಪ್ಪ, ರಾತ್ರಿ ಮಳಿ ಹೊಡದಿತ್ತಲ್ಲ?"

"ಬೆಳಗಾಗೂ ತನಕ ಜೋರ ಹೊಡೀತ್ರಿ ಮೇಡಂ."

ಮ್ಯಾಟು ಇನ್ನೂ ಹಸಿ. ಸುತ್ತಲ ಮಣ್ಣು ಕೈಗೆ ಅಂಟುತ್ತಿತ್ತು. ಹೊಟ್ಟು ಮಾತ್ರ ಒಣಗಿ ಗರಗರ. ಕುಳಿ ಅಗೆದದ್ದು ಮಳೆ ನಿಂತ ಮೇಲೆ, ಬೆಳಿಗ್ಗೆ. ಬೆಳಿಗ್ಗೆ ಈ ಮೈದಾನದಲ್ಲಿ ನರಪಿಳ್ಳೆ ಇರಲಿಲ್ಲ. ಊರೆಲ್ಲ ಬಸ್ ನಿಲ್ದಾಣದಿಂದ ಹೊರಟ ಮೆರವಣಿಗೆಯಲ್ಲಿತ್ತು. ದುಂಡೇಶ ತೆರೆದ ಜೀಪಿನಲ್ಲಿ ನಿಂತಿದ್ದ. ತುಳಸಿರಾಮ ಅದರ ಮುಂದೆ ಹಲಗೆ ಬಾರಿಸುತ್ತಿದ್ದ. ಶೆಡ್ಡಿಗೆ ಬೀಗವಿಲ್ಲ. ಹಾರೆಯೂ, ಒದ್ದೆ ನೆಲಕ್ಕೆ ಹಾಕುವ ಹೊಟ್ಟಿನ ಚೀಲವೂ ಅಲ್ಲೇ ಇದ್ದವು.

"ಯಾರ ಕಡಿಂದರ ಮಾಡಿಸಿರಬೇಕಲ್ರಿ," ಎಂದು ತುಳಜಪ್ಪ ತಲೆ ಕೆರೆದುಕೊಂಡ. ಊರೂ ಅದನ್ನೇ ಹೇಳುತ್ತದೆ ಎಂದು ಮಧುಮತಿಗೆ ಗೊತ್ತಿತ್ತು. ಸಂಜೆ ಹತ್ತಿರ ಬರುತ್ತಿತ್ತು.

* * *

ಆಸ್ಪತ್ರೆಯಲ್ಲಿ ಶಿವಲಿಂಗನ ಕಾಲಿಗೆ ಪಟ್ಟಿ ಬಿಗಿದಿದ್ದರು. ಆಪರೇಷನ್ನಿಗೆ ಹುಬ್ಬಳ್ಳಿಗೆ ಒಯ್ಯಬೇಕಂತೆ. ಅವನ ತಾಯಿ ದುರ್ಗವ್ವ ಮಂಚದ ಕಂಬಿ ಹಿಡಿದು ನಿಂತಿದ್ದಳು. ಅತ್ತು ಅತ್ತು ದನಿ ಬಿದ್ದಿತ್ತು.

"ದುಂಡೇಶಪ್ಪನ ಮ್ಯಾಲ ನನಗ ಸಂಶಯ ಇಲ್ಲ ಯವ್ವಾ. ನನ್ನ ಮಗಾ ಥೇಟ ಅವರ ಹಂಗ ಓಡತಾನ ಅಂತಿದ್ರು ಎಲ್ಲಾರೂ. ಹಳೇ ದುಂಡೇಶಪ್ಪನ ಹಂಗ. ಮಾಸ್ತರ್ರು ಹಂಗ ಕಲಿಸ್ಯಾರ."

ಹೊರಗೆ ಹೆಜ್ಜೆ ಇಟ್ಟಿದ್ದ ಮಧುಮತಿ ತಿರುಗಿ ನಿಂತಳು. ಹಳೇ ದುಂಡೇಶ ಅಂದರೆ ಏನು, ಹೊಸ ದುಂಡೇಶ ಅಂದರೆ ಏನು?

ಅದಕ್ಕೆ ತುಳಜಪ್ಪನ ಮೊಬೈಲು ಉತ್ತರ ಕೊಟ್ಟಿತು. ಅವನ ಹತ್ತಿರ ದುಂಡೇಶನ ಆಟದ ವಿಡಿಯೊ ರಾಶಿ ಇದ್ದವು. ಹಳೆಯದರಲ್ಲಿ ದುಂಡೇಶ ಸ್ಟಂಪಿಗೆ ಉಜ್ಜಿಕೊಂಡೇ ಓಡಿ ಬರುತ್ತಾನೆ, ಸೊಂಟ ತಿರುಚಿ ಹಾರುತ್ತಾನೆ, ಎಡಗಾಲು ಸ್ಟಂಪಿನ ನೇರಕ್ಕೆ ಬೀಳುತ್ತದೆ. ಬೆನ್ನು ಮುರಿದ ಮೇಲಿನ ವಿಡಿಯೊಗಳಲ್ಲಿ ಅವನು ಸ್ಟಂಪಿನಿಂದ ದೂರ ಸರಿದು ಬರುತ್ತಾನೆ. ಎಡಗಾಲು ಬೀಳುವುದು ಕ್ರೀಸಿನ ಮೂಲೆಯಲ್ಲಿ.

"ಇದು ಎಷ್ಟು ಮಂದಿಗೆ ಗೊತ್ತೈತಿ?"

"ಊರಾಗಿನ ಕೂಸಿಗೂ ಗೊತ್ತೈತ್ರಿ. ಟೆನಿಸ್ ಬಾಲ್ ಆಡೂ ಹುಡುಗ್ರೂ ಈಗ ಹಂಗ ದೂರದಿಂದ ಹಾಕ್ತಾರ."

ಮಧುಮತಿ ವರಾಂಡದಲ್ಲಿ ಅತ್ತಿಂದಿತ್ತ ನಡೆದಳು. ನರ್ಸಮ್ಮ ಗದರಿಸಿದರೂ ನಿಲ್ಲಲಿಲ್ಲ. ಕೊನೆಗೆ ತುಳಜಪ್ಪನ ಭುಜ ತಟ್ಟಿ, ಎಲ್ಲರನ್ನೂ ಮೈದಾನಕ್ಕೆ ಕರೆಸು, ಕುಳಿಗೆ ಮಣ್ಣು ತುಂಬಿ ಗಟ್ಟಿ ಬಡಿದು ಮ್ಯಾಟು ಮೊದಲಿನ ಹಾಗೇ ಹಾಸಿಸು ಎಂದಳು. ಕುಳಿ ಮುಚ್ಚಿದ ಸಂಗತಿ ದುಂಡೇಶನೊಬ್ಬನಿಗೆ ಹೇಳು, ಬೇರೆ ಯಾರಿಗೂ ತಿಳಿಯಕೂಡದು ಎಂದೂ ಸೇರಿಸಿದಳು.

* * *

ಬಿಸಿಲು ಕಾಳಿ ನದಿಯ ಆಚೆ ದಂಡೆಗೆ ಸರಿದಿತ್ತು. ಜನ ಹಗ್ಗದ ಆಚೆ ನಿಂತಿದ್ದರು. ಮ್ಯಾನೇಜರು ಕಾರಿಗೆ ಒರಗಿ ಮೊಬೈಲು ನೋಡುತ್ತಿದ್ದ.

ನಡೆದದ್ದನ್ನು ಮತ್ತೊಮ್ಮೆ ನೋಡಬೇಕಾಗಿದೆ ಎಂದಳು ಮಧುಮತಿ. ದುಂಡೇಶ ಅದೇ ತುದಿಯಿಂದ ಒಂದು ಬಾಲ್ ಹಾಕಲಿ. ಅಂಪೈರ್ ಜಾಗದಲ್ಲಿ ಮಹಾಬಳೇಶ್ವರ ಮಾಸ್ತರು ನಿಲ್ಲಲಿ. ಮಾಸ್ತರು ಒಲ್ಲೆ ಎಂದರು. ಶಿವಲಿಂಗನ ಸಲುವಾಗಿ ಎಂದು ಅವಳು ಒತ್ತಾಯ ಮಾಡಿದಳು. ಆ ಹೆಸರು ಕೇಳಿ ಅವರು ಮೆಲ್ಲಗೆ ಬಂದು ನಿಂತರು.

ದುಂಡೇಶ ಓಡಿ ಬಂದ. ಹಗ್ಗದ ಆಚೆಯ ಕಣ್ಣುಗಳೆಲ್ಲ ಅವನ ತೋಳಿನ ಮೇಲೆ. ಮಧುಮತಿಯ ಕಣ್ಣು ಮಾಸ್ತರರ ಮುಖದ ಮೇಲೆ. ಅವರು ದುಂಡೇಶನನ್ನು ನೋಡುತ್ತಲೇ ಇರಲಿಲ್ಲ. ಸ್ಟಂಪಿನ ನೇರಕ್ಕೆ, ಮ್ಯಾಟಿನ ಮೇಲಿನ ಒಂದು ಗೇಣು ಜಾಗದಲ್ಲಿ ಅವರ ದೃಷ್ಟಿ ನೆಟ್ಟಿತ್ತು. ಓಟದ ಸದ್ದು ಹತ್ತಿರ ಬಂದಂತೆ ಅವರು ಹಲ್ಲು ಕಚ್ಚಿಕೊಂಡರು. ದುಂಡೇಶ ಹಾರಿದ. ಎಡಗಾಲು ಬಂದು ಬಿದ್ದದ್ದು ಕ್ರೀಸಿನ ಮೂಲೆಯಲ್ಲಿ. ಚೆಂಡು ಹೋಗಿ ಆಚೆ ತುದಿಯ ಸ್ಟಂಪು ಹಾರಿಸಿತು. ಮಾಸ್ತರು ಅದನ್ನೂ ನೋಡಲಿಲ್ಲ.

"ಅಲ್ಯಾಕ ಇಟ್ಟಿ ಕಾಲು?" ಎಂದರು.

"ಮತ್ತ ಎಲ್ಲಿ ಇಡಬೇಕಾಗಿತ್ತು, ಮಾಸ್ತರ್ರ?" ಮಧುಮತಿ ಮೆಲ್ಲಗೆ ಕೇಳಿದಳು.

ಅವರ ಕಣ್ಣು ಮತ್ತೆ ಆ ಗೇಣು ಜಾಗಕ್ಕೆ ಹೋಯಿತು.

ಆಮೇಲೆ ಮಧುಮತಿ ಎಲ್ಲರಿಗೂ ಕೇಳುವ ಹಾಗೆ ಬಿಡಿಸಿ ಹೇಳಿದಳು. ಚೆಂಡು ಶಿವಲಿಂಗನ ಕೈಗೆ ಹೋಗುತ್ತದೆಂದು ದುಂಡೇಶನ ಮನಸ್ಸಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕುಳಿ ಅಗೆಯುವ ಹೊತ್ತಿಗೆ ದುಂಡೇಶ ಊರೆಲ್ಲರ ಕಣ್ಣ ಮುಂದೆ ಜೀಪಿನಲ್ಲಿದ್ದ. ಬೇರೆ ಯಾರ ಕೈಲೋ ಮಾಡಿಸಿದ್ದರೆ, ಅಗೆದವನು ಈಗ ದುಂಡೇಶನ ಕಾಲು ಕುಳಿಯ ಜಾಗದಲ್ಲೇ ಬೀಳಬೇಕೆಂದು ಕಾಯುತ್ತಿರಲಿಲ್ಲ. ಹಾಗಾದರೆ ಕುಳಿ ತೋಡಿದ್ದು ಮೊದಲ ಓವರು ಹಾಕುವನೆಂದು ಊರಿಗೆ ಸಾರಿದ್ದ ದುಂಡೇಶನಿಗೇ. ಆದರೆ ದುಂಡೇಶನ ಕಾಲು ಅಲ್ಲಿ ಬೀಳುವುದು ನಿಂತು ವರ್ಷಗಳಾದವು. ಇದು ಗೊತ್ತಿಲ್ಲದವರು ಈ ಊರಲ್ಲಿ ಯಾರು? ಅವನ ಹಳೆಯ ಹೆಜ್ಜೆ ಗೇಣು ಲೆಕ್ಕದಲ್ಲಿ ಗೊತ್ತಿದ್ದು, ಹೊಸ ಹೆಜ್ಜೆಯನ್ನು ಒಮ್ಮೆಯೂ ನೋಡದವರು ಒಬ್ಬರೇ. ಒಂದು ಬಾಲ್ ಸುದ್ದಾ ನೋಡಿಲ್ಲ ಎಂದು ಬೆಳಿಗ್ಗೆ ಅವರೇ ಹೇಳಿದ್ದರು. ಕುಳಿ ಬಿದ್ದದ್ದು ಹಳೆಯ ಜಾಗದಲ್ಲಿ. ಶಿವಲಿಂಗನಿಗೂ ಆ ಜಾಗವನ್ನೇ ಕಲಿಸಿದ್ದರು. ಅದಕ್ಕೇ ಅವನು ಸಿಕ್ಕಿಬಿದ್ದ.

ತುಳಜಪ್ಪ ಮಾಸ್ತರರ ರಟ್ಟೆ ಹಿಡಿದು ಕೂರಿಸಿದ. ಬೆಳಗಿನ ಬಸ್ಸಿಗೆ ಬಂದದ್ದನ್ನೂ, ಮೈದಾನ ಖಾಲಿ ಇದ್ದದ್ದನ್ನೂ ಅವರು ತಾವಾಗಿ ಒಪ್ಪಿಕೊಂಡರು. ಕಾಲು ಮುರಿಯಬೇಕೆಂದು ಮಾಡಿರಲಿಲ್ಲವಂತೆ. ದುಂಡೇಶ ಎಲ್ಲರ ಮುಂದೆ ಮುಗ್ಗರಿಸಿ ಬೀಳಬೇಕು, ಮಂದಿ ನಗಬೇಕು, ಬೆನ್ನು ಹಾಕಿ ಕೂತು ಆ ನಗು ಕೇಳಬೇಕು, ಅಷ್ಟೇ ಆಸೆ.

"ಸಣ್ಣಾಂವ ಇದ್ದಾಗ ನಾ ಕಲಿಸಿದ್ದರಿಂದ ಬೆನ್ನು ಮುರೀತು ಅಂತ ಪೇಪರಿಗೆ ಹೇಳಿದ. ನನ್ನ ಕಡೆ ಹುಡುಗ್ರನ್ನ ಕಳಸೂದ ಬಿಟ್ರು ಮಂದಿ. ಶಿವ್ಯಾ ಒಬ್ಬ ಉಳಿದಿದ್ದ," ಎಂದರು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತರು. ಬೆನ್ನು ಹಾಕದೆ ಕೂತಿದ್ದರೆ ಚೆಂಡು ಯಾರ ಕೈಯಲ್ಲಿದೆ ಎಂದು ಅವರಿಗೆ ಕಾಣುತ್ತಿತ್ತು. ಅದು ಅಲ್ಲಿದ್ದವರಿಗೆಲ್ಲ ಹೊಳೆದಿತ್ತು.

ಮಧುಮತಿ ಮ್ಯಾನೇಜರನ ಕಡೆ ತಿರುಗಿ, ಎಫ್ಐಆರ್‌ನಲ್ಲಿ ದುಂಡೇಶನ ಹೆಸರಿಲ್ಲ ಎಂದಳು. ಅವನು ತಲೆಯಾಡಿಸಿ, ನಾಳೆ ಹೊತ್ತಿಗೆ ಸರಿಯಾಗಿ ಬರಬೇಕೆಂದು ದುಂಡೇಶನಿಗೆ ತಿಳಿಸಿ ಕಾರು ಹತ್ತಿದ. ದುಂಡೇಶನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಮಾಸ್ತರರ ಮುಂದೆ ಹೋಗಿ ನಿಂತಿದ್ದ.

"ಬೆನ್ನು ಮುರಿದು ನಾ ಮಲಗಿದ್ದಾಗ ನೀವು ಒಂದು ಸರ್ತಿ ಬರ್ತೀರಿ ಅಂತ ದಾರಿ ನೋಡಿದೆ, ಸರ್. ಬಂದು ನನ್ನ ಕೇಳಿದ್ರ, ಹುಡುಗ್ರಿಗೆ ಹಂಗ ಕಲಿಸಬ್ಯಾಡ್ರಿ ಅಂತ ನಿಮಗ ಹೇಳಾಂವ ಇದ್ದೆ. ನೀವು ಬರಲಿಲ್ಲ. ಪೇಪರಿನವರು ಬಂದ್ರು."

ತುಳಜಪ್ಪ ಮಾಸ್ತರರನ್ನು ಜೀಪಿನತ್ತ ನಡೆಸಿದ. ಕ್ರೀಸು ದಾಟುವಾಗ ಅವರು ನಿಂತರು. ಮೂಲೆಯಲ್ಲಿ ದುಂಡೇಶನ ಬೂಟಿನ ಮುಳ್ಳು ಮ್ಯಾಟನ್ನು ಚುಚ್ಚಿದ ಗುರುತು ಇನ್ನೂ ಹಸಿಯಾಗಿತ್ತು. ಅವರು ಬಗ್ಗಿ ಅದರ ಮೇಲೆ ಅಂಗೈ ಇಟ್ಟರು. ಅಲ್ಲಿಂದ ಸ್ಟಂಪಿನ ತನಕ ಗೇಣು ಹಾಕಿ ಅಳೆದರು. ಪೊಲೀಸರು ಕಾಯುತ್ತಿದ್ದಾರೆಂಬುದು ಮರೆತೇಹೋದ ಹಾಗಿತ್ತು.

"ಶಿವ್ಯಾ ಎದ್ದು ಓಡ್ಯಾಡಾಕ ಶುರು ಮಾಡಿದ ಮ್ಯಾಲ," ಎಂದು ದುಂಡೇಶನಿಗೆ ಹೇಳಿದರು, "ಅಂವಗ ಇಲ್ಲಿ ಕಾಲಿಡಾಕ ಕಲಸು."

ಜೀಪು ಕೋಗಿಲಬನದ ತಿರುವಿನಲ್ಲಿ ಮರೆಯಾದ ಮೇಲೆ ದುಂಡೇಶ ಪಕ್ಕದಲ್ಲಿ ನಿಂತಿದ್ದ ತುಳಸಿರಾಮನನ್ನು ಕೇಳಿದ, ಆಸ್ಪತ್ರೆಗೆ ಹೋಗಲು ಗಾಡಿ ಇದೆಯೇ ಎಂದು.