ಒಂದು ಸೆಂಟಿಮೀಟರ್ ಸುಳ್ಳು

ಅವರಿಬ್ಬರ ಪರಿಚಯ ಜಗಳದಿಂದಲೇ ಶುರುವಾದದ್ದು, ತಪ್ಪು ಅವನದೇ. ಆಸ್ಪತ್ರೆಯ ಹಾರ್ಮೋನ್ ವಿಭಾಗದಲ್ಲಿ ಎತ್ತರ, ತೂಕ ಬರೆದುಕೊಳ್ಳುವ ಕೆಲಸ ಅವನದು. ಬಾಗಿಲ ಹಿಡಿಕೆಗಿಂತ ಒಂದು ಗೇಣು ಮೇಲೆ ಅವಳ ತಲೆ ಕಂಡದ್ದೇ ತಡ, ಅಮ್ಮನನ್ನು ಕರೆದುಕೊಂಡು ಬಾ ಪುಟ್ಟಿ ಎಂದುಬಿಟ್ಟ.

ತನಗೆ ಇಪ್ಪತ್ತೆರಡು ವರ್ಷ, ಹೊಲಿಗೆ ಅಂಗಡಿಯಲ್ಲಿ ಕಟಿಂಗ್ ಮಾಡುತ್ತೇನೆ, ನಿಮ್ಮ ಷರಟಿನ ತೋಳು ಮುಕ್ಕಾಲು ಇಂಚು ಉದ್ದವಾಗಿದೆ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಅವನು ಇಂಗು ತಿಂದ ಮಂಗನಂತಾದ. ಅದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಸೋತದ್ದು ಆ ನಗುವಿಗೇ.

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಸಾಕಷ್ಟು ಕೊಡದೆ ಅವಳು ನೂರ ಇಪ್ಪತ್ತೊಂದು ಸೆಂಟಿಮೀಟರಿಗೇ ನಿಂತಿದ್ದಳು. ಜೊತೆಗೆ ರಕ್ತದಲ್ಲಿ ಸಕ್ಕರೆ ಇಳಿದುಹೋಗುವ ಕಾಟ. ಉಂಡದ್ದರಲ್ಲಿ ಒಂದಿಷ್ಟನ್ನು ಲಿವರ್ ಗ್ಲೈಕೋಜೆನ್ ಆಗಿ ಕೂಡಿಟ್ಟು, ಹಸಿದಾಗ ಸಕ್ಕರೆ ಮಾಡಿ ಬಿಟ್ಟುಕೊಡಬೇಕು. ಅವಳಲ್ಲಿ ಆ ದಾಸ್ತಾನು ಬೆಳಗಾಗುವಷ್ಟರಲ್ಲಿ ಖಾಲಿಯಾಗಿರುತ್ತಿತ್ತು. ರಕ್ತಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಬಂದ ದಿನ ಅವಳ ಕೈ ನಡುಗುತ್ತಿತ್ತು, ತುಟಿ ಬಿಳುಚುತ್ತಿತ್ತು. ರಕ್ತ ಕೊಟ್ಟು ಏಳುವಷ್ಟರಲ್ಲಿ ಅವನು ಗ್ಲೂಕೋಸ್ ನೀರು ಹಿಡಿದು ನಿಂತಿರುತ್ತಿದ್ದ. ಲೋಟದ ಅಂಚಿನ ಮೇಲಿಂದ ಅವನನ್ನೇ ನೋಡುತ್ತ, ಬೇಕೆಂದೇ ನಿಧಾನವಾಗಿ ಕುಡಿಯುತ್ತಿದ್ದಳು. ಅಳತೆ ಮಾಸ್ತರ್ ಎಂದು ಹೆಸರನ್ನೂ ಇಟ್ಟಳು.

ಷರಟಿನ ನೆಪದಲ್ಲಿ ಅವನು ಅಂಗಡಿಗೆ ಹೋದ. ಅವಳು ಸ್ಟೂಲಿನ ಮೇಲೆ ನಿಂತು ತೋಳಿನ ಅಳತೆ ತೆಗೆಯುವಾಗ ಕಣ್ಣಿಗೆ ಕಣ್ಣು ಸರಿಸಮ ಬಂದು ಇಬ್ಬರಿಗೂ ಮಾತು ಮರೆತುಹೋಯಿತು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು, ಒಳಗಿಂದ ಯಾರಾದರೂ ದೊಡ್ಡವರನ್ನು ಕರಿ ಎಂದ. ಅವಳ ಮುಖ ಸಪ್ಪಗಾಯಿತು. ಹೆಚ್ಚೇನೂ ಬೇಡ, ಈ ಮಾತು ನಿಲ್ಲುವಷ್ಟು ಬೆಳೆದರೆ ಸಾಕು ಎಂದಳು.

ಎಲುಬು ಬೆಳೆಯುವ ತುದಿಗಳು ಇನ್ನೂ ಮುಚ್ಚಿಲ್ಲ, ಬೆಳೆಯಲು ಒಂದೂವರೆ ವರ್ಷ ಅವಕಾಶವಿದೆ ಎಂದು ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದ್ದರು. ದಿನಕ್ಕೊಂದು ಹಾರ್ಮೋನ್ ಇಂಜೆಕ್ಷನ್. ಮೂರು ತಿಂಗಳಿಗೊಮ್ಮೆ ಅವನು ಅಳೆದು ಬರೆಯಬೇಕು, ಆ ಅಂಕಿ ನೋಡಿ ಅವರು ಡೋಸ್ ನಿರ್ಧರಿಸಬೇಕು.

ಮೊದಲ ಮೂರು ತಿಂಗಳು ತುಂಬಿದಾಗ ಅವಳು ಹಿಮ್ಮಡಿಯನ್ನು ಗೋಡೆಗೊತ್ತಿ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನಿಂತಳು. ಅವನು ತಲೆಯ ಮೇಲೆ ಪಟ್ಟಿ ಇಳಿಸಿದ. ಕೂದಲೆಳೆಯಷ್ಟೂ ಏರಿರಲಿಲ್ಲ. ಎಷ್ಟಾಯ್ತು ಎಂದು ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. ಒಂದು ಸೆಂಟಿಮೀಟರ್ ಎಂದು ಅವನ ಬಾಯಿಂದ ಬಂದೇಬಿಟ್ಟಿತು. ಅವಳು ಅವನ ಎಡಗೈ ಹಿಡಿದುಕೊಂಡಳು, ಬಿಡಲು ಮರೆತಳು. ಬಲಗೈಯಲ್ಲಿ ಅವನು ಆ ಸುಳ್ಳನ್ನು ಫೈಲಿನಲ್ಲಿ ಬರೆದ.

ಮುಂದಿನ ಸಲ ಸರಿಹೋದೀತು ಎಂದುಕೊಂಡ. ಆಗಲೂ ಏರಿರಲಿಲ್ಲ, ನಿಜ ಬರೆದರೆ ಅವಳು ಕುಗ್ಗಿದಳೆಂದು ಬರೆದಂತೆ. ಇನ್ನೊಂದು ಸೇರಿಸಿದ. ಹೀಗೆ ಐದು ಸಲ. ನಿಧಾನವಾದರೂ ಔಷಧ ಹಿಡಿಯುತ್ತಿದೆ ಎಂದು ಡಾಕ್ಟರು ಡೋಸ್ ಮುಟ್ಟಲಿಲ್ಲ.

ಒಂದೂವರೆ ವರ್ಷ ತುಂಬಿದಾಗ ತೆಗೆದ ಎಕ್ಸ್‌ರೇಯಲ್ಲಿ ಎಲುಬಿನ ತುದಿಗಳು ಮುಚ್ಚಿಹೋಗಿದ್ದವು. ಇನ್ನು ಬೆಳೆಯುವುದಿಲ್ಲ ಎಂದು ಕೇಳಿಸಿಕೊಂಡು ಅವಳು ನೇರ ಅವನ ಕೋಣೆಗೆ ಬಂದಳು. ಐದಾದರೂ ಸಿಕ್ಕಿತಲ್ಲ, ಅಷ್ಟೇ ಪುಣ್ಯ ಎಂದು ನಗಲು ನೋಡಿದಳು. ಅವನ ಎದೆ ಒಡೆದುಹೋಯಿತು. ಬಾಗಿಲು ಮುಂದೆ ಮಾಡಿ ಎಲ್ಲವನ್ನೂ ಒಪ್ಪಿಕೊಂಡ. ಒಂದೂ ಬೆಳೆದಿಲ್ಲ, ಐದೂ ತಾನೇ ಬರೆದದ್ದು, ನಿಜ ಬರೆದಿದ್ದರೆ ಡಾಕ್ಟರು ಡೋಸ್ ಏರಿಸುತ್ತಿದ್ದರು.



"ನನ್ನ ಹಳೇ ಸ್ಕರ್ಟಿನ ಅಂಚು ಮೇಲೆ ಬಂದಿರಲಿಲ್ಲ," ಎಂದಳು ಅವಳು. "ಬಟ್ಟೆ ಜಗ್ಗಿರಬೇಕು ಅಂದ್ಕೊಂಡೆ. ದಿನಾ ಊರವರ ಅಳತೆ ತೆಗೆಯೋಳು ನಾನು. ನನ್ನ ಟೇಪ್ ಬಿಟ್ಟು ನಿಮ್ಮನ್ನ ನಂಬಿದೆ."

"ನೀವು ಹೇಗಿದ್ದೀರೋ ಹಾಗೇ ಬೇಕು ನನಗೆ. ಮೊದಲಿಂದಲೂ ಅಷ್ಟೇ. ಮದುವೆ ಆಗೋಣ."

"ಇದನ್ನ ಅವತ್ತೇ ಹೇಳಿದ್ರೆ ಹಿಂದೆಮುಂದೆ ನೋಡದೆ ಒಪ್ತಿದ್ದೆ." ಅವಳ ದನಿ ಒಡೆಯಿತು. "ಎಲ್ಲರೂ ನನ್ನನ್ನ ಮಗು ಅಂತ ನೋಡ್ತಾರೆ, ಅದು ಅಭ್ಯಾಸ ಆಗಿದೆ. ನಿಮ್ಮ ಹತ್ತಿರ ಮಾತ್ರ ನಾನು ಹೆಂಗಸು ಅಂದ್ಕೊಂಡಿದ್ದೆ. ನೀವೂ ಅಳೋ ಮಗೂನ ಸಮಾಧಾನ ಮಾಡೋ ಹಾಗೆ ಮಾಡಿದ್ರಿ."

ಅವಳಿಗೆ ಅವನ ಮೇಲೆ ಪ್ರೀತಿ ಹೋಗಿರಲಿಲ್ಲ, ಸಂಕಟ ಅದೇ. ಅವನ ಕೆನ್ನೆ ಮುಟ್ಟಲೆಂದು ಕೈ ಎತ್ತಿದಳು. ಅವನು ಥಟ್ಟನೆ ತಲೆ ತಗ್ಗಿಸಿ ಬಾಗಿದ.

"ಬೇಡ, ಬಗ್ಗಬೇಡಿ," ಎಂದಳು.

ಎತ್ತಿದ ಕೈಯಿಂದ ಕಣ್ಣೊರೆಸಿಕೊಂಡು ಹೊರಟುಹೋದಳು. ಅವನು ಫೈಲು ಎತ್ತಿಕೊಂಡು, ಮಾಡಿದ್ದನ್ನು ಹೇಳಲು ಡಾಕ್ಟರ ಕೋಣೆಯ ಕಡೆಗೆ ನಡೆದ.